ಪರವಾನಗಿ ಇದ್ದರೂ ಪಿಸ್ತೂಲು ಕಾಣುವಂತಿಲ್ಲ

ಮುರುಗಮಲ್ಲ: ಚಿಂತಾಮಣಿ ತಾಲ್ಲೂಕಿನ ಈ ಊರಿನ ಅಮ್ಮಾಜಾನ್ ಬಾವಾಜಾನ್ ದರ್ಗಾದ ಉರುಸ್‌ಗೆ ಜನಸಾಗರವೇ ಹರಿದುಬರುತ್ತದೆ. ಆತ್ಮರಕ್ಷಣೆಗೆಂದು ಪರವಾನಗಿ ಪಡೆದವರು ಇಂಥ ಜನಸಂದಣಿಯಲ್ಲಿ ಪಿಸ್ತೂಲನ್ನು ಎದ್ದು ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯಬಹುದೇ?

ಕೂಡದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲೋ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲಿರಬೇಕು. ಉದ್ದನೆಯ ಬಂದೂಕಿಗೂ ಮುಚ್ಚಿದ ಚೀಲ ಕಡ್ಡಾಯ. ಅಮೆರಿಕದ ಹಲವು ರಾಜ್ಯಗಳಲ್ಲಿ ತೋರಿಸಿ ಒಯ್ಯುವುದೋ, ಮರೆಮಾಡಿ ಒಯ್ಯುವುದೋ ಎಂಬುದು ಮಾಲೀಕರ ಇಷ್ಟ. ನಮ್ಮಲ್ಲಿ ಆ ಆಯ್ಕೆಯೇ ಇಲ್ಲ.

ಆಯುಧ ಕಂಡರೆ ದುಷ್ಕರ್ಮಿ ಹಿಂಜರಿಯುತ್ತಾನೆ ಎಂಬ ವಾದವುಂಟು. ಆದರೆ ನೂಕುನುಗ್ಗಲಿನಲ್ಲಿ ಅದೇ ಆಯುಧ ಅವನ ಕೈಸೇರುವ ಭಯವೇ ಹೆಚ್ಚು. ಹಾಗೆಂದು ಪೊಲೀಸರಿಂದ ಬಚ್ಚಿಡುವಂತೆಯೂ ಇಲ್ಲ: 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಮಿನಂತೆ ಕೇಳಿದಾಗ ಪರವಾನಗಿ ತೋರಿಸಬೇಕು, ತಪ್ಪಿದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು.