ನಾಲಿಗೆಯ ಮೇಲಿನ ಗುಳ್ಳೆ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ



ಒಮ್ಮೆ ನಮ್ಮ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಪಿಯುಸಿ ಓದುವ ಹುಡುಗನೊಬ್ಬ ತಂದೆಯ ಜೊತೆ ಬಂದಿದ್ದ. ಅಂಕಪಟ್ಟಿ ನೋಡಿ ಮುಗಿದ ಮೇಲೆ, ನಾನು ವಿಜ್ಞಾನದ ಮೇಷ್ಟ್ರು ಎಂಬ ಸಲುಗೆಯಿಂದ, "ಸರ್, ನನ್ನ ನಾಲಿಗೆಯ ಹಿಂದುಗಡೆ ದೊಡ್ಡ ಗುಳ್ಳೆಗಳಿವೆ. ಮೊಬೈಲಿನಲ್ಲಿ ಹುಡುಕಿದರೆ ಕ್ಯಾನ್ಸರ್ ಅಂತ ಬರುತ್ತದೆ. ಓದಲು ಮನಸ್ಸೇ ಬರುತ್ತಿಲ್ಲ" ಎಂದ. ತಂದೆ ನಕ್ಕುಬಿಟ್ಟರು. "ನೋಡಿ ಸರ್, ನನ್ನ ನಾಲಿಗೆಯಲ್ಲೂ ಒಂದು ಹುಣ್ಣಿದೆ. ಎರಡು ತಿಂಗಳಾಯಿತು, ನೋವೇ ಇಲ್ಲ. ನಾನೇನು ಹೆದರಿದ್ದೇನೆಯೇ?" ಎಂದರು. ಅವರ ಷರ್ಟಿನ ಜೇಬಿನಲ್ಲಿ ಸುಪಾರಿ ಪ್ಯಾಕೆಟ್ ಇತ್ತು.

ಹೆದರಬೇಕಾದವರು ನಗುತ್ತಿದ್ದರು, ನಗಬೇಕಾದವನು ಹೆದರಿದ್ದ. ಇಂಥ ತಪ್ಪು ಅನೇಕ ಮನೆಗಳಲ್ಲಿ ನಡೆಯುವುದರಿಂದ ಈ ಲೇಖನ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ಯಾವಾಗ ವೈದ್ಯರ ಬಳಿ ಹೋಗಬೇಕು ಎಂಬುದನ್ನು ತಿಳಿಯಲು ಇಷ್ಟು ಸಾಕು.

ನಾಲಿಗೆ ನುಣುಪಾದ ಅಂಗವಲ್ಲ. ಅದರ ಮೇಲೆಲ್ಲ ಸಣ್ಣ ಮೊಗ್ಗಿನಂಥ ಉಬ್ಬುಗಳಿವೆ. ತುದಿಯಲ್ಲಿ ಕೆಂಪು ಚುಕ್ಕೆಗಳಂತೆ ಕಾಣುವವು ರುಚಿ ತಿಳಿಸುವ ಉಬ್ಬುಗಳು. ತೀರಾ ಹಿಂಭಾಗದಲ್ಲಿ ಎಂಟರಿಂದ ಹನ್ನೆರಡು ದೊಡ್ಡ ಗುಂಡನೆಯ ಉಬ್ಬುಗಳು ಎರಡು ಸಾಲಾಗಿ, ನಡುವೆ ಮೂಲೆಯಂತೆ ಕೂಡಿಕೊಂಡು ನಿಂತಿರುತ್ತವೆ. ಇವು ಎಲ್ಲರಿಗೂ ಇರುವಂಥವು. ಹುಡುಗ ಕನ್ನಡಿಯಲ್ಲಿ ಕಂಡದ್ದು ಇವನ್ನೇ.

ಇನ್ನು ಕೆಲವು ತೊಂದರೆ ಕೊಟ್ಟರೂ ಅಪಾಯದವಲ್ಲ. ಬಿಸಿ ಚಹಾ ಸುಟ್ಟಾಗ ಅಥವಾ ಹಲ್ಲು ಕಚ್ಚಿದಾಗ ಏಳುವ ಸಣ್ಣ ಗುಳ್ಳೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮಧ್ಯೆ ಬಿಳಿ ಅಥವಾ ಹಳದಿ, ಸುತ್ತ ಕೆಂಪಾಗಿರುವ ಬಾಯಿಹುಣ್ಣು ಬಹಳ ಉರಿಯುತ್ತದೆ, ಆದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ. ಕೆಲವರ ನಾಲಿಗೆಯ ಮೇಲೆ ಭೂಪಟದಂತೆ ಕೆಂಪು ಮಚ್ಚೆಗಳು ಮೂಡಿ ಜಾಗ ಬದಲಾಯಿಸುತ್ತಿರುತ್ತವೆ, ಅದೂ ಅಪಾಯವಲ್ಲ.

ಕೆಲವು ಗುರುತುಗಳು ದೇಹದ ಬೇರೆ ಕೊರತೆಯನ್ನು ಹೇಳುತ್ತವೆ. ನಾಲಿಗೆ ನುಣ್ಣಗೆ ಕೆಂಪಾಗಿ ಉರಿಯುತ್ತಿದ್ದರೆ ಕಬ್ಬಿಣಾಂಶ, ಬಿ12 ಅಥವಾ ಫೋಲಿಕ್ ಆಮ್ಲ ಕಡಿಮೆ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ. ಹಾಲಿನ ಕೆನೆಯಂಥ ಬಿಳಿ ಪದರ ಬೂಷ್ಟಿನ ಸೋಂಕಿರಬಹುದು. ಅದು ಎಳೆ ಮಕ್ಕಳಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಉಬ್ಬಸಕ್ಕೆ ಇನ್‌ಹೇಲರ್ ಬಳಸುವವರಲ್ಲಿ ಕಾಣುತ್ತದೆ. ಔಷಧಿಯಿಂದ ಗುಣವಾಗುತ್ತದೆ. ಇನ್‌ಹೇಲರ್ ಬಳಸಿದ ಕೂಡಲೇ ಬಾಯಿ ಮುಕ್ಕಳಿಸುವುದು ಒಳ್ಳೆಯದು.

ಈಗ ಹೆದರಬೇಕಾದ ವಿಷಯ. ಎರಡು ವಾರ ಕಳೆದರೂ ಒಣಗದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬೆರಳಿಗೆ ಗಟ್ಟಿಯಾಗಿ ಸಿಗುವ ಗಂಟು, ಕಾರಣವಿಲ್ಲದೆ ರಕ್ತ, ಮರಗಟ್ಟುವಿಕೆ, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಡ್ಡೆ. ಇವುಗಳಲ್ಲಿ ಒಂದಿದ್ದರೂ ದಂತವೈದ್ಯರಿಗೆ ಅಥವಾ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಪಕ್ಕದ ಅಂಚಿನಲ್ಲಿ ಶುರುವಾಗುತ್ತದೆ. ಮೊದಮೊದಲು ನೋವಿರುವುದಿಲ್ಲ, ಮೋಸ ಆಗುವುದೇ ಅಲ್ಲಿ. ಚೂಪಾದ ಹಲ್ಲು ತಗುಲಿ ಆದ ಹುಣ್ಣಾದರೆ ಹಲ್ಲನ್ನು ಸರಿಪಡಿಸಿದ ಮೇಲೆ ಎರಡು ವಾರದೊಳಗೆ ಒಣಗಬೇಕು. ಒಣಗದಿದ್ದರೆ ಮತ್ತೆ ತೋರಿಸಬೇಕು.

ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಸುಪಾರಿ ಎನ್ನುವವರಿದ್ದಾರೆ. ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಚರ್ಮ ಬಿಗಿದು, ಖಾರ ತಿಂದರೆ ಉರಿದು, ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಆಗದಿದ್ದರೆ ತಡಮಾಡದೆ ತೋರಿಸಿ. 2003ರ ಕಾಯ್ದೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ. ಆದರೆ ಮಗು ಮೊದಲು ನೋಡಿ ಕಲಿಯುವುದು ಮನೆಯಲ್ಲಿ.

ಪರೀಕ್ಷೆಗೆ ಖರ್ಚಿಲ್ಲ. ವುಝೂ ಮಾಡುವಾಗ ದಿನಕ್ಕೆ ಐದು ಸಲ ಬಾಯಿ ಮುಕ್ಕಳಿಸುತ್ತೇವೆ. ತಿಂಗಳಿಗೊಂದು ಶುಕ್ರವಾರ, ಜುಮಾಕ್ಕೆ ಹೊರಡುವ ಮೊದಲು, ಬೆಳಕಿನಲ್ಲಿ ಕನ್ನಡಿ ಹಿಡಿದು ನಾಲಿಗೆಯ ಮೇಲ್ಭಾಗ, ಎರಡೂ ಅಂಚು, ಕೆಳಭಾಗ ಮತ್ತು ಕೆನ್ನೆಯ ಒಳಗನ್ನು ನೋಡಿ, ತೊಳೆದ ಬೆರಳಿನಿಂದ ಮುಟ್ಟಿ. ಮಹಿಳೆಯರೂ ನೋಡಿಕೊಳ್ಳಬೇಕು, ಎಲೆ ಅಡಿಕೆ ಹಾಕುವ ಅಜ್ಜಿಯರನ್ನು ಮರೆಯಬೇಡಿ. ಕಂಡದ್ದನ್ನು ಸೂಜಿಯಿಂದ ಚುಚ್ಚಬೇಡಿ, ಮುಲಾಮು ಬದಲಿಸುತ್ತಾ ತಿಂಗಳು ಕಳೆಯಬೇಡಿ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ ತಪಾಸಣೆಯ ಕಾರ್ಯಕ್ರಮವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನಲ್ಲಿ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಕಿದ್ವಾಯಿ ಆಸ್ಪತ್ರೆ ಇದೆ. ತಂಬಾಕು ಬಿಡಲು ನೆರವು ಬೇಕಾದವರು 1800112356 ಉಚಿತ ಸಂಖ್ಯೆಗೆ ಕರೆ ಮಾಡಬಹುದು.

ದಾನಿಗಳಲ್ಲಿ ಒಂದು ಮಾತು. ಕಾರ್ಡು ಚಿಕಿತ್ಸೆಯ ವೆಚ್ಚ ಕೊಡುತ್ತದೆ, ತಪ್ಪಿದ ದಿನಗೂಲಿಯನ್ನು ಕೊಡುವುದಿಲ್ಲ. ದುಡಿಯುವವರು ಮಲಗಿದರೆ ಮನೆಯ ಹಿರಿಯ ಮಗ ಕಾಲೇಜು ಬಿಟ್ಟು ಗ್ಯಾರೇಜಿಗೆ ಹೋಗುತ್ತಾನೆ. ಆಗ ನಾವು ಕೊಟ್ಟ ಫೀಸೂ ಅರ್ಧಕ್ಕೇ ನಿಲ್ಲುತ್ತದೆ. ಸಕಾಲದಲ್ಲಿ ಆಸ್ಪತ್ರೆ ತಲುಪಲು ಕೊಡುವ ಬಸ್ ಚಾರ್ಜೂ ವಿದ್ಯೆಗೆ ಕೊಟ್ಟ ನೆರವೇ.

ಆ ತಂದೆಯನ್ನು ಮರುದಿನವೇ ದಂತವೈದ್ಯರಲ್ಲಿಗೆ ಕಳುಹಿಸಿದೆವು. ಚೂರು ಮಾಂಸ ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದೇ ಬಂತು, ಇನ್ನೂ ಆರಂಭದಲ್ಲಿತ್ತು. ಶಸ್ತ್ರಚಿಕಿತ್ಸೆ ಆಯಿತು. ಮಾತು ಸ್ವಲ್ಪ ತೊದಲುತ್ತದೆ, ಆದರೆ ಅಲ್‌ಹಮ್ದುಲಿಲ್ಲಾಹ್, ಕೆಲಸಕ್ಕೆ ಮರಳಿದ್ದಾರೆ. ಮಗನ ಓದು ನಿಂತಿಲ್ಲ. ಮುಂದಿನ ವರ್ಷ ಅರ್ಜಿ ನವೀಕರಿಸಲು ಇಬ್ಬರೂ ಬಂದಾಗ ತಂದೆಯ ಜೇಬಿನಲ್ಲಿ ಪೆನ್ನು ಮಾತ್ರ ಇತ್ತು.