ಬಿಸಿಲು ಗೆಲ್ಲುವ ಮೂಗು

ಸವಣೂರಿನ ಓದುಗರೊಬ್ಬರು ಕೇಳಿದ್ದಾರೆ: "ಮಧ್ಯಾಹ್ನ ಆತಂದ್ರ ನಮ್ಮ ನಾಯಿ ನಾಲಿಗಿ ಹೊರಗ ಹಾಕಿ ಜೊಲ್ಲು ಸುರಿಸ್ತೈತಿ. ಬ್ಯಾಸಗ್ಯಾಗ ನಾಯಿಗೆ ಹುಚ್ಚು ಹಿಡೀತೈತಿ ಅಂತಾರ, ಖರೇ ಏನ್ರಿ?"

ಶುದ್ಧ ಸುಳ್ಳು. ಹುಚ್ಚು ಹಿಡಿಸುವುದು ರೇಬಿಸ್ ವೈರಾಣು. ಅದು ಹಬ್ಬುವುದು ಕಡಿತದಿಂದ, ಬಿಸಿಲಿನಿಂದಲ್ಲ. ಶಿಗ್ಗಾವಿಯ ಬಸ್ ನಿಲ್ದಾಣದ ಹತ್ತಿರ ಸುಮ್ಮನೆ ತೇಕುತ್ತ ನಿಂತಿದ್ದ ನಾಯಿಗೆ 'ಹುಚ್ಚುನಾಯಿ' ಎಂದು ಕಲ್ಲು ಬೀಸಿದ್ದನ್ನು ಕಂಡಿದ್ದೇನೆ. ಮೈ ತಣಿಸಿಕೊಳ್ಳಲು ಹೆಣಗುತ್ತಿರುವ ಜೀವವನ್ನು ಓಡಿಸಿ ಇನ್ನಷ್ಟು ಕಾಯಿಸುವುದು ಎಂಥ ಅನ್ಯಾಯ! ನೆರಳು, ಒಂದು ಬೋಗುಣಿ ನೀರು ಸಿಕ್ಕರೆ ಅದು ತಾನೇ ಸುಧಾರಿಸಿಕೊಳ್ಳುತ್ತದೆ.

ನಮ್ಮಂತೆ ಮೈತುಂಬ ಬೆವರಲು ನಾಯಿಗೆ ಬರುವುದಿಲ್ಲ. ಬೆವರುವುದು ಅಂಗಾಲು ಮಾತ್ರ. ಉಳಿದ ಕೆಲಸವೆಲ್ಲ ತೇಕುಸಿರಿನದು. ಎಲ್ಲರ ಕಣ್ಣಿಗೆ ಬೀಳುವುದು ನಾಲಿಗೆ, ಆದರೆ ನಿಜವಾದ ಸೋಜಿಗ ಮೂಗಿನೊಳಗಿದೆ. ತೇಕುವ ನಾಯಿ ಬಹುಪಾಲು ಗಾಳಿಯನ್ನು ಮೂಗಿನಿಂದ ಎಳೆದುಕೊಂಡು ಬಾಯಿಂದ ಬಿಡುತ್ತದೆ ಎಂದು ವಿಜ್ಞಾನಿ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ತೋರಿಸಿದರು. ಮೂಗಿನೊಳಗೆ ಸುರುಳಿ ಸುತ್ತಿದ ತೆಳು ಎಲುಬುಗಳಿವೆ, ಅವುಗಳ ಮೇಲೆ ಒದ್ದೆ ಪೊರೆಯಿದೆ. ಒಣಗಾಳಿ ಅಲ್ಲಿ ಹಾಯುವಾಗ ತೇವ ಆರುತ್ತದೆ, ಆರುತ್ತ ರಕ್ತವನ್ನು ತಣಿಸುತ್ತದೆ. ಆ ಗಾಳಿ ಮೂಗಿನಿಂದಲೇ ಮರಳಿದ್ದರೆ ಗಳಿಸಿದ ತಂಪನ್ನು ಅಲ್ಲೇ ಕಳೆದುಕೊಳ್ಳುತ್ತಿತ್ತು. ಬಾಯಿಂದ ಹೋಗುವುದರಿಂದ ಬಿಸಿ ಹೊರಗೇ ಹೋಗುತ್ತದೆ. ಸರಿ, ಅಷ್ಟು ನೀರು ಎಲ್ಲಿಂದ? ಮೂಗಿನ ಪಕ್ಕದಲ್ಲೊಂದು ಗ್ರಂಥಿಯಿದೆ, ಬಿಸಿಲೇರಿದಷ್ಟೂ ಅದು ಹೆಚ್ಚು ನೀರು ಒಸರುತ್ತದೆ ಎಂಬುದು 1972ರಲ್ಲಿ ಗೊತ್ತಾಯಿತು.

ನಿಮಿಷಕ್ಕೆ ಇನ್ನೂರು, ಮುನ್ನೂರು ಸಲ ಉಸಿರಾಡಿದರೆ ಆ ದುಡಿತಕ್ಕೇ ಮೈ ಕಾಯಬೇಕಲ್ಲ? ಕಾಯುವುದಿಲ್ಲ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಕೈಗೆ ಶ್ರಮವೇ ಇಲ್ಲ, ಅಲ್ಲವೇ? ನಾಯಿಯ ಎದೆಗೂಡಿಗೂ ಅಂಥದ್ದೇ ಒಂದು ಸಹಜ ಲಯವಿದೆ, ತೇಕುಸಿರು ಅದರ ಹತ್ತಿರವೇ ನಡೆಯುತ್ತದೆ.

ತಣಿಸುವ ಕೆಲಸ ಮೂಗಿನೊಳಗೇ ನಡೆಯುವುದರಿಂದ ಉದ್ದ ಮೂತಿ ನಾಯಿಗೆ ದೊಡ್ಡ ಆಸ್ತಿ. ನಮ್ಮ ಮುಧೋಳ ನಾಯಿಯ ಮೂತಿ ನೋಡಿ! ಹಿರೇಕೆರೂರಿನಂಥ ಊರಲ್ಲೂ ಚಪ್ಪಟೆ ಮೂಗಿನ ಪಗ್ ಸಾಕುವ ಮನೆಗಳಿವೆ ಈಗ. ಆ ಬಡಪಾಯಿಗಳನ್ನು ಮಧ್ಯಾಹ್ನ ತಿರುಗಾಡಿಸಲೇಬೇಡಿ. ಯಾವ ನಾಯಿಯ ಬಾಯನ್ನೂ ಬೇಸಿಗೆಯಲ್ಲಿ ಬಿಗಿದು ಕಟ್ಟಬೇಡಿ.

ಗಾಳಿ ಒಣಗಿದ್ದರೆ ಮಾತ್ರ ಈ ಏರ್ಪಾಟು ಚೆನ್ನಾಗಿ ನಡೆಯುತ್ತದೆ. ಹಾನಗಲ್ಲು ಮಲೆನಾಡಿನ ಸೆರಗು. ಅಲ್ಲಿ ಮಾವಿನ ಕಾಲದಲ್ಲಿ ಒಂದು ಅಡ್ಡಮಳೆ ಬಿದ್ದು ಬಿಸಿಲು ಬಂತೆಂದರೆ ಗಾಳಿ ತುಂಬ ನೀರಾವಿ, ಎಷ್ಟು ತೇಕಿದರೂ ತೇವ ಆರುವುದಿಲ್ಲ. ಬಿಸಿಲು ಕಡಿಮೆ ಎಂದು ಮೈಮರೆಯುವುದು ಇಂಥ ದಿನಗಳಲ್ಲೇ. ಒದ್ದೆ ಗೋಣಿಚೀಲ ಹೊದಿಸುವ ರೂಢಿಯನ್ನೂ ಬಿಡಿ. ಚೀಲದಡಿ ಬಿಸಿ ಸಿಕ್ಕಿಕೊಳ್ಳುತ್ತದೆ.

ನಾಯಿಯ ಮೈ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ, 41 ದಾಟಿದರೆ ಪ್ರಾಣಕ್ಕೇ ಕುತ್ತು. ಒಸಡು ಕೆಂಪೇರಿ, ಕಾಲು ತಡವರಿಸಿ, ವಾಂತಿ ಶುರುವಾದರೆ ಅಲ್ಲೇ ನೆರಳಿಗೆಳೆದು ಹೊಟ್ಟೆ, ತೊಡೆಸಂದಿಗೆಲ್ಲ ನಲ್ಲಿನೀರು ಸುರಿಯಿರಿ, ಫ್ಯಾನ್ ಹಚ್ಚಿ. ಎಚ್ಚರವಿದ್ದರೆ ನೀರು ಮುಂದಿಡಿ; ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದೀತು. ದನದ ದವಾಖಾನೆಗೆ ಒಯ್ಯುವುದು ಮೈ ತಣಿಸಲು ಶುರುಮಾಡಿದ ಮೇಲೆ.