ಕಹಳೆಯ ಕಂಠಕ್ಕೆ ಇಂಪು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ, ವಳ್ಳೂರಿನಂಥ ಊರುಗಳಲ್ಲಿ, ಜಾತ್ರೆಯೋ ಮದುವೆಯೋ ಉಂಟೆಂಬ ಸುದ್ದಿ ಮೊದಲು ಮುಟ್ಟುವುದು ಕಣ್ಣಿಗಲ್ಲ, ಕಿವಿಗೆ. ಮರದ ಕೊಂಬೆಗೆ ಕಟ್ಟಿದ ತಗಡಿನ ಕಹಳೆ ನಸುಕಿನಲ್ಲೇ ಬಾಯಿ ತೆರೆಯಿತೆಂದರೆ ಅದರ ದನಿ ಹೊಲಗದ್ದೆಗಳನ್ನು ದಾಟಿ ನೆರೆಯೂರನ್ನು ಸೇರುತ್ತದೆ. ದೂರ ಕೇಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕೇಳಿಸಿದ್ದೇನು? ಹಾಡೇ, ಪ್ರಕಟಣೆಯೇ, ದೇವರ ನಾಮವೇ? ಡಬ್ಬದೊಳಗಿಂದ ಯಾರೋ ಮೂಗಿನಲ್ಲಿ ಕೂಗಿದಂತಿರುತ್ತದೆ. ಇದು ಕಹಳೆಯ ಹಣೆಬರಹವೆಂದೇ ಬಹುಮಂದಿ ನಂಬಿದ್ದಾರೆ. ಆದರೆ ಈ ಕರ್ಕಶಕ್ಕೆ ಕಾರಣಗಳುಂಟು. ಕಾರಣ ತಿಳಿದವರಿಗೆ ಮದ್ದೂ ಉಂಟು.

ಕೊಂಬಿನ ಗುಟ್ಟು

ಹೊಲದ ಆಚೆಯವರನ್ನು ಕರೆಯುವಾಗ ರೈತನು ಅಂಗೈಗಳೆರಡನ್ನೂ ಬಾಯಿಗೆ ಮರೆಮಾಡಿ ಕೂಗುತ್ತಾನೆ. ಕಹಳೆಯ ತತ್ತ್ವವೆಲ್ಲ ಅಷ್ಟರಲ್ಲೇ ಅಡಗಿದೆ. ಮೂಡಲಪಾಯ ಯಕ್ಷಗಾನದ ಮುಖವೀಣೆ, ದೇವರ ಉತ್ಸವದ ಕೊಂಬು ಇವೂ ಅದೇ ಕುಲಕ್ಕೆ ಸೇರಿದವು. ಕಿರಿದಾದ ತುದಿಯಲ್ಲಿ ಹುಟ್ಟಿದ ಕಂಪನವನ್ನು ಹಂತಹಂತವಾಗಿ ಅಗಲಿಸುತ್ತ ಹೊರಗಿನ ವಿಶಾಲವಾದ ಗಾಳಿಗೆ ಒಪ್ಪಿಸುವುದೇ ಅವುಗಳ ಕೆಲಸ.

ಲೌಡ್‌ಸ್ಪೀಕರಿನಲ್ಲಿ ಕಿರಿದಾದ ತುದಿಗೆ ತಿರುಗಿಸಿ ಕೂರಿಸಿರುವ ದುಂಡನೆಯ ಭಾರದ ಗಡ್ಡೆಯೇ ಡ್ರೈವರ್. ಮೈಕ್ ಸೆಟ್ಟಿನವರು ಅದನ್ನು ಬರಿದೆ ‘ಯೂನಿಟ್’ ಎನ್ನುತ್ತಾರೆ. ಅದರೊಳಗೆ ಬಲವಾದ ಅಯಸ್ಕಾಂತ. ಅದರ ಬಳೆಯಾಕಾರದ ಕಿರಿದಾದ ಸಂದಿನಲ್ಲಿ ನವಿರಾದ ತಂತಿಯ ಸುರುಳಿ. ಸುರುಳಿಗೆ ಅಂಟಿದ ತೆಳುವಾದ ಪೊರೆ, ಅಂದರೆ ಡಯಾಫ್ರಂ. ಪೊರೆಯ ಮುಂದೆ ಸೀಳುಗಳಿರುವ ಒಂದು ಬೆಣೆ. ಪೊರೆಯ ನಡುವಿನಿಂದಲೂ ಅಂಚಿನಿಂದಲೂ ಹೊರಟ ದನಿ ಕಹಳೆಯ ಕೊರಳನ್ನು ಏಕಕಾಲಕ್ಕೆ ಸೇರುವಂತೆ ನೋಡಿಕೊಳ್ಳುವುದು ಈ ಬೆಣೆಯ ಕೆಲಸ. ಇಲ್ಲವಾದರೆ ಮೇಲಿನ ಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ.

ಟಾಕಿಯೊಡನೆ ಬಂದದ್ದು

ಈ ಯಂತ್ರ ಬೆಳೆದದ್ದು ಜಾತ್ರೆಗಾಗಿ ಅಲ್ಲ, ಸಿನಿಮಾಕ್ಕಾಗಿ. ೧೯೨೬ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವೆಂಟ್ ಮತ್ತು ಥುರಾಸ್ ಎಂಬ ವಿಜ್ಞಾನಿಗಳು ರೂಪಿಸಿದ ವೆಸ್ಟರ್ನ್ ಎಲೆಕ್ಟ್ರಿಕ್ ೫೫೫ ಎಂಬ ಯೂನಿಟ್ ಈ ಕುಲದ ಹಿರಿಯಣ್ಣ. ಅದರ ಪೊರೆ ಅಲ್ಯೂಮಿನಿಯಮಿನದು. ಅಂದಿನ ವಾಲ್ವ್ ಆಂಪ್ಲಿಫೈಯರುಗಳು ಕೊಡುತ್ತಿದ್ದುದು ಕೆಲವೇ ವಾಟ್ ಶಕ್ತಿ. ಕಾಗದದ ಲೌಡ್‌ಸ್ಪೀಕರು ತಾನು ಉಂಡ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ದನಿಯಾಗಿಸಿದರೆ, ಕಹಳೆಯ ಯೂನಿಟ್ ಇಪ್ಪತ್ತು ಮೂವತ್ತು ಪಾಲನ್ನು ದನಿಯಾಗಿಸಬಲ್ಲುದು. ಆದ್ದರಿಂದಲೇ ಅಷ್ಟು ಅಲ್ಪ ಶಕ್ತಿಯಿಂದ ದೊಡ್ಡ ಚಿತ್ರಮಂದಿರಗಳು ತುಂಬಿದವು.

೧೯೩೧ರಲ್ಲಿ ‘ಆಲಂ ಆರಾ’ ಭಾರತದ ಬೆಳ್ಳಿತೆರೆಗೆ ಮಾತು ತಂದಿತು. ೧೯೩೪ರಲ್ಲಿ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ತೆರೆಕಂಡಾಗ ತೆರೆಯ ಮೇಲೆ ಕನ್ನಡವೂ ನುಡಿಯಿತು. ಮುಂದೆ ಆಲ್ಟೆಕ್ ಲ್ಯಾನ್ಸಿಂಗ್ ಸಂಸ್ಥೆ ೧೯೪೫ರಲ್ಲಿ ಹೊರತಂದ ‘ವಾಯ್ಸ್ ಆಫ್ ದಿ ಥಿಯೇಟರ್’ ಸ್ಪೀಕರುಗಳು ಜಗತ್ಪ್ರಸಿದ್ಧವಾದವು. ಆ ಕಾಲದ ಯೂನಿಟ್ಟುಗಳನ್ನು ಇಂದು ಜಪಾನ್, ಅಮೆರಿಕ, ಯೂರೋಪುಗಳ ಸಂಗೀತಪ್ರಿಯರು ಹುಡುಕಿ ತಂದು, ಸರಿಪಡಿಸಿ, ಮನೆಯಲ್ಲಿಟ್ಟು ಕೇಳುತ್ತಾರೆ. ಹಾಗಾದರೆ ಅದೇ ಕುಲದ ಹಳ್ಳಿಯ ಕಹಳೆಗೇಕೆ ಈ ಕೀರಲು?

ಕೀರಲು ಏಕೆ?

ಬಯಲಿನ ಯೂನಿಟ್ಟಿಗೆ ಬಿಸಿಲು ಮಳೆ ತಾಳುವ ಗುಣ ಮೊದಲು ಬೇಕು. ಅದಕ್ಕಾಗಿ ಅದರ ಪೊರೆಯನ್ನು ಸಾಮಾನ್ಯವಾಗಿ ರಾಳ ಕುಡಿಸಿದ ಬಟ್ಟೆಯಿಂದ ಮಾಡುತ್ತಾರೆ. ಅದು ಗಟ್ಟಿ; ಆದರೆ ಮೇಲಿನ ಸ್ವರಗಳಲ್ಲಿ ಅದಕ್ಕೆ ಚುರುಕು ಸಾಲದು. ಇತ್ತ ಕೆಳಸ್ವರಗಳನ್ನು ಕಹಳೆಯ ಬಾಯಿಯೇ ಮಿತಿಗೊಳಿಸುತ್ತದೆ. ಬಾಯಿಯ ಸುತ್ತಳತೆ ಒಂದೂವರೆ ಮೀಟರಾದರೆ ಸುಮಾರು ೨೩೦ ಹರ್ಟ್ಸ್‌ಗಿಂತ ಕೆಳಗೆ ಅದರ ಬಲ ಉಡುಗುತ್ತದೆ. ಅಲ್ಲಿಂದ ಕೆಳಗೆ ಪೊರೆಗೆ ಗಾಳಿಯ ಹಿಡಿತ ತಪ್ಪಿ ಅದು ಬರಿದೆ ಬಡಿದಾಡುತ್ತದೆ, ಕಡೆಗೆ ಹರಿಯುತ್ತದೆ.

ಉಳಿಯುವುದು ನಡುವಿನ ಸ್ವರಗಳು ಮಾತ್ರ. ಇಲ್ಲಿಯೇ ಒಂದು ಸ್ವಾರಸ್ಯವುಂಟು. ‘ಕಾಲು’, ‘ಸಾಲು’, ‘ಪಾಲು’ ಈ ಮೂರರಲ್ಲಿ ಬೇರೆಯಾಗಿರುವುದು ಮೊದಲ ವ್ಯಂಜನವಷ್ಟೇ. ಮಾತಿನ ಬಲವೆಲ್ಲ ಸ್ವರಗಳಲ್ಲಿ, ಅರ್ಥದ ಬಹುಭಾಗ ವ್ಯಂಜನಗಳಲ್ಲಿ. ಆ ವ್ಯಂಜನಗಳ ಸೂಕ್ಷ್ಮ ಸದ್ದು ಹೆಚ್ಚಾಗಿ ೨೦೦೦ ಹರ್ಟ್ಸ್‌ನಿಂದ ಮೇಲಿರುತ್ತದೆ. ಅದನ್ನು ನುಂಗುವ ಯೂನಿಟ್ಟಿಗೆ ಎಷ್ಟೇ ಶಕ್ತಿ ಉಣಿಸಿದರೂ ಅಬ್ಬರ ಬೆಳೆಯುತ್ತದೆಯೇ ಹೊರತು ಅರ್ಥ ಬೆಳೆಯದು.

ಮದ್ದುಗಳು

ಮೊದಲನೆಯದು ಶುಚಿ. ಅಯಸ್ಕಾಂತದ ಸಂದಿನಲ್ಲಿ ವರ್ಷಗಳ ಧೂಳು, ಕಬ್ಬಿಣದ ಪುಡಿ ಸೇರಿ ಸುರುಳಿಗೆ ಉಜ್ಜುತ್ತಿರುತ್ತವೆ. ಬಿದಿರಿನ ತೆಳು ಕಡ್ಡಿಗೆ ಅಂಟುಪಟ್ಟಿ ಸುತ್ತಿ, ಸಂದನ್ನು ಸುತ್ತಲೂ ಒರೆಸಿ ತೆಗೆಯಬೇಕು. ಉಕ್ಕಿನ ಸಲಕರಣೆ ಕೂಡದು.

ಎರಡನೆಯದು ಹೊಸ ಪೊರೆ. ಅದು ಆ ಯೂನಿಟ್ಟಿಗೆ ಹೇಳಿ ಮಾಡಿಸಿದ್ದಾಗಿರಬೇಕು. ಆಕಾರ ಕೂದಲೆಳೆಯಷ್ಟು ತಪ್ಪಿದರೂ ಬೆಣೆಗೆ ಬಡಿಯುತ್ತದೆ. ಕೂರಿಸಿದ ಮೇಲೆ ಮೊಳೆಗಳನ್ನು ಸಡಿಲವಾಗಿಟ್ಟು, ಮೆಲುದನಿಯಲ್ಲಿ ಒಂದೇ ಸ್ವರವನ್ನು ನುಡಿಸುತ್ತ, ಕರಕರ ಶಬ್ದ ಮಾಯವಾಗುವವರೆಗೆ ಪೊರೆಯನ್ನು ಅತ್ತಿತ್ತ ಸರಿಸಿ, ಎದುರುಬದುರಿನ ಮೊಳೆಗಳನ್ನು ಸರದಿಯಂತೆ ಬಿಗಿಯಬೇಕು. ನುರಿತ ಕೈ ಯಾವುದೆಂಬುದು ಇಲ್ಲಿಯೇ ತಿಳಿಯುತ್ತದೆ.

ಮೂರನೆಯದು ಕಾವಲು. ೧೬ ಓಮ್ ಯೂನಿಟ್ಟಿನ ತಂತಿಗೆ ಸರಣಿಯಾಗಿ ಧ್ರುವಭೇದವಿಲ್ಲದ ೩೦ ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸೇರಿಸಿದರೆ ಸುಮಾರು ೩೩೦ ಹರ್ಟ್ಸ್‌ನಿಂದ ಕೆಳಗಿನ ಸ್ವರಗಳು ಕ್ರಮೇಣ ತಗ್ಗುತ್ತವೆ. ಕಹಳೆ ನುಡಿಸಲಾರದ ಹೊರೆ ಇಳಿದು ಉಳಿದದ್ದು ತಿಳಿಯಾಗುತ್ತದೆ.

ಇವಲ್ಲದೆ ಸಣ್ಣ ಉಪಚಾರಗಳುಂಟು: ಕೊರಳಿನ ಬಳಿ ಗಾಳಿ ಸೋರದಂತೆ ಹೊಸ ವಾಷರ್, ಹಿಂಬದಿಯ ಮುಚ್ಚಳದೊಳಗೆ ತೆಳುವಾದ ಉಣ್ಣೆಯ ತುಣುಕು, ಗಂಟೆಯಂತೆ ಮೊಳಗುವ ತಗಡಿನ ಹೊರಮೈಗೆ ಡಾಂಬರಿನಂಥ ಮೆತ್ತನೆಯ ಲೇಪ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಹಳೆಯ ಯೂನಿಟ್ಟುಗಳಲ್ಲಿ ಹಲವಕ್ಕೆ ಅಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತವಿರುತ್ತದೆ. ಕುತೂಹಲಕ್ಕೆಂದು ಅದನ್ನು ಕಬ್ಬಿಣದ ಚಿಪ್ಪಿನಿಂದ ಬೇರ್ಪಡಿಸಿದರೆ ಅದರ ಬಲದ ಒಂದು ಪಾಲು ಅಲ್ಲಿಯೇ ಸೋರಿಹೋಗುತ್ತದೆ. ಮತ್ತೆ ಜೋಡಿಸಿದರೂ ಅದು ಮರಳದು. ಹೊಸದಾಗಿ ಕಾಂತೀಕರಿಸಿಯೇ ತೀರಬೇಕು.

ಯಾರಿಗಾಗಿ?

ಇಷ್ಟೆಲ್ಲ ಶ್ರಮವೇಕೆಂದು ಕೇಳುವವರಿದ್ದಾರೆ. ಅವರು ಜಾತ್ರೆಯ ಬೀದಿಯ ಮನೆಯೊಂದನ್ನು ನೆನೆಯಬೇಕು. ಅಲ್ಲಿ ಪರೀಕ್ಷೆಗೆ ಓದುವ ಮಕ್ಕಳುಂಟು, ಜ್ವರದಲ್ಲಿ ಮಲಗಿದ ಅಜ್ಜಿಯುಂಟು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ಬಯಲಿನ ಧ್ವನಿವರ್ಧಕಗಳನ್ನು ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ನಿಷೇಧಿಸಿವೆ. ವಾಸದ ಬಡಾವಣೆಗಳಿಗೆ ಹಗಲು ೫೫, ಇರುಳು ೪೫ ಡೆಸಿಬೆಲ್ ಎಂಬ ಮಿತಿಯುಂಟು. ಆದರೆ ಕಾನೂನು ಬಾಯಿ ಮುಚ್ಚಿಸಬಲ್ಲುದೇ ಹೊರತು ಇಂಪು ಕಲಿಸಲಾರದು. ಮಾತು ತಿಳಿಯದಿದ್ದಾಗ ಮೈಕ್ ಸೆಟ್ಟಿನವನ ಕೈ ತಾನಾಗಿ ಗುಂಡಿಯನ್ನು ಮೇಲಕ್ಕೆ ತಿರುಗಿಸುತ್ತದೆ. ತಿಳಿದರೆ ಆ ಅಗತ್ಯವೇ ಬೀಳದು. ೩ ಡೆಸಿಬೆಲ್ ತಗ್ಗಿಸಿದರೆ ಯೂನಿಟ್ ಉಣ್ಣುವ ಶಕ್ತಿ ಅರ್ಧಕ್ಕಿಳಿದು ಸುರುಳಿಯ ಆಯುಸ್ಸೂ ಬೆಳೆಯುತ್ತದೆ.

ಬಯಲಾಟದ ಮುಖವೀಣೆಗೆ ದನಿ ಏರಿಸುವ ಗುಂಡಿಯೆಂಬುದಿಲ್ಲ. ವಾದಕನು ಆಟಕ್ಕೆ ಮೊದಲು ಅದರ ನಾಲಗೆಯನ್ನು ಒದ್ದೆಮಾಡಿ, ಊದಿ ನೋಡಿ, ಸರಿಪಡಿಸಿಕೊಳ್ಳುತ್ತಾನೆ. ಮರದ ಮೇಲಣ ಹಳೆಯ ಕಹಳೆಯೂ ಬೇಡುವುದು ಅಷ್ಟೇ ಆರೈಕೆಯನ್ನು.